ಬರಡು ಅಂದವರು ಯಾರು?

ಚಳ್ಳಕೆರೆಯ ಓದುಗರೊಬ್ಬರ ಪತ್ರ: ‘ಪಾವಗಡದ ಸೋಲಾರ್ ಪಾರ್ಕ್ ನೋಡಿ ಬಂದೆ. ಬರಡು ನೆಲಕ್ಕೆ ಇದಕ್ಕಿಂತ ಒಳ್ಳೆ ಬೆಳೆ ಉಂಟೇ? ಬಯಲುಸೀಮೆಯ ತಾಲ್ಲೂಕಿಗೊಂದು ಇಂಥದ್ದು ಬರಲಿ ಅಂತ ನೀವು ಯಾಕೆ ಬರೆಯುವುದಿಲ್ಲ?’

ನೀವು ಖುದ್ದಾಗಿ ಹೋಗಿ ನೋಡಿದ್ದೀರಿ, ಸಂತೋಷ. ನಮ್ಮಲ್ಲಿ ನೋಡದೇ ಬರೆಯುವವರೇ ಜಾಸ್ತಿ. ಐದು ಹಳ್ಳಿಗಳ ಸುಮಾರು 13,000 ಎಕರೆ, 2,050 ಮೆಗಾವ್ಯಾಟ್. ಜಮೀನನ್ನು ಕೊಳ್ಳಲಿಲ್ಲ, ಗುತ್ತಿಗೆಗೆ ಪಡೆದರು. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರು. ಮಳೆ ನಂಬಿ ಕಡ್ಲೇಕಾಯಿ ಹಾಕಿ ಕೈಸುಟ್ಟುಕೊಂಡವರಿಗೆ ಅದು ಸಣ್ಣ ಮಾತಲ್ಲ. ಒಪ್ಪಿದೆ.

ಆದರೆ ‘ಬರಡು’ ಅನ್ನೋ ಮಾತು ನನಗೆ ಆಗಿಬರಲ್ಲ. ಪಹಣಿಯಲ್ಲಿ ಹೆಸರಿದ್ದವರಿಗೆ ಗುತ್ತಿಗೆ ಹಣ. ಆ ಹೊಲದಲ್ಲಿ ಕಳೆ ಕೀಳುತ್ತಿದ್ದವರಿಗೆ? ಇನ್ನೊಂದು ಕಡೆಯ ಸೋಲಾರ್ ಪ್ಲಾಂಟ್, ಊರಿನ ಹೆಸರು ಬೇಡ, ಅಲ್ಲಿ ಬೇಲಿ ಪಕ್ಕ ಕುರಿ ಕಾಯುವ ಅಜ್ಜ ಸಿಕ್ಕಿದ್ದ. ಪ್ಯಾನೆಲ್ ತೊಳೆದ ನೀರಿಗೆ ಒಳಗೆ ಹಸಿರು ಚಿಗುರಿತ್ತು. ‘ಕಣ್ಣಿಗೆ ಮೇವು ಸ್ವಾಮಿ, ಬಾಯಿಗಲ್ಲ’ ಅಂದ. ಚಳ್ಳಕೆರೆಯವರಾಗಿ ನೀವೇ ಬರಡು ಅಂದರೆ ಹೇಗೆ? ನಿಮ್ಮ ಹುಲ್ಲುಗಾವಲು, ಆ ಅಮೃತಮಹಲ್ ಕಾವಲಿಗೆ ವಿಜ್ಞಾನ, ರಕ್ಷಣಾ ಸಂಸ್ಥೆಗಳ ಗೋಡೆ ಎದ್ದಾಗ ಕುರಿ ಎತ್ತ ಹೋದವು, ಕಂಬಳಿಯ ಉಣ್ಣೆ ಎಲ್ಲಿಂದ ಬರಬೇಕು ಅಂತ ಕೇಳಿದವರು ನಿಮ್ಮೂರವರೇ ಅಲ್ವಾ?

ಇದೇನು ಹೊಸ ಕಥೆಯಲ್ಲ. 1902ರಲ್ಲಿ ಶಿವನಸಮುದ್ರದ ಕರೆಂಟು ಸುಮಾರು 147 ಕಿಲೋಮೀಟರ್ ಓಡಿ ಕೋಲಾರದ ಚಿನ್ನದ ಗಣಿ ಸೇರಿತು. ದಾರಿಯ ಹಳ್ಳಿಗಳ ಪಾಲಿಗೆ ಬಂದದ್ದು ತಲೆ ಮೇಲಿನ ತಂತಿ.

ನನ್ನ ಪ್ರೀತಿಯೆಲ್ಲ ಕುಣಿಗಲ್ ಕಡೆಯ ಪುರ ಅನ್ನೋ ಹಳ್ಳಿಯ ಮೇಲೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಹಳ್ಳಿಗೆ ಒಗ್ಗುವ ತಂತ್ರಜ್ಞಾನಕ್ಕಾಗಿ ‘ಅಸ್ತ್ರ’ ಅನ್ನೋ ವಿಭಾಗ ಶುರು ಮಾಡಿದ ಎ.ಕೆ.ಎನ್. ರೆಡ್ಡಿಯವರ ತಂಡ ಅಲ್ಲಿ ಮೊದಲು ಸಗಣಿ ಗ್ಯಾಸಿನಿಂದ ಒಲೆ ಉರಿಸಲು ಹೊರಟಿತು. ಊರಿನ ಸಗಣಿ ಸಾಲಲಿಲ್ಲ. ಸೋತೆವು ಅಂತ ಗಂಟುಮೂಟೆ ಕಟ್ಟಲಿಲ್ಲ ಅವರು. ಅದೇ ಗ್ಯಾಸಿಗೆ ಒಂಚೂರು ಡೀಸೆಲ್ ಸೇರಿಸಿ ಎಂಜಿನ್ ಓಡಿಸಿದರು. ಬೋರ್‌ವೆಲ್ ನೀರು ನಲ್ಲಿಗೆ ಬಂತು, ಮನೆಗೆ ದೀಪ ಬಂತು. ಸಗಣಿ ತಂದವರಿಗೆ ಕಾಸು, ಜೊತೆಗೆ ಬಗ್ಗಡವೂ ವಾಪಸ್ ತಿಪ್ಪೆಗೆ. ಎಂಜಿನ್ ನೋಡಿಕೊಂಡವರು ಊರ ಹುಡುಗರೇ. ಇಂಥದ್ದಕ್ಕೆ ರಿಬ್ಬನ್ ಕತ್ತರಿಸಲು ಯಾರು ಬರುತ್ತಾರೆ ಹೇಳಿ? ಪತ್ರಿಕೆಗಳಿಗೂ ಸಾವಿರ ಮೆಗಾವ್ಯಾಟ್ ಆದರೇ ಮುಖಪುಟ. ನಮ್ಮದೂ ಸೇರಿ.

ಸಣ್ಣದನ್ನು ಸುಮ್ನೆ ಹೊಗಳುತ್ತಿಲ್ಲ, ಮಾಡಿಯೂ ನೋಡಿದೆ. ತಾರಸಿ ಮೇಲೆ ನಾಲ್ಕು ಪ್ಯಾನೆಲ್ ಹಾಕಿಸಿ, ಮೀಟರಿಗೆ ಅರ್ಜಿ ಕೊಟ್ಟು ಏಳು ತಿಂಗಳಾಯಿತು. ಯಾವ ಕಚೇರಿ ಅಂತ ಬರೆಯುವುದಿಲ್ಲ. ನಾಳೆ ಮತ್ತೆ ಅಲ್ಲಿಗೇ ಹೋಗಬೇಕು.

-ಸಂ.