ಎರಡು ‘ಬೇಕು’ಗಳ ಜಗಳ

ಪ್ರಶ್ನೆ: ಡಿಗ್ರಿಗೆ ತತ್ವಶಾಸ್ತ್ರ ತೆಗೆದುಕೊಂಡಿದ್ದೇನೆ. ಮೊದಲ ಪಾಠವೇ ‘ನೀತಿಶಾಸ್ತ್ರದ ಅರ್ಥ ಮತ್ತು ವ್ಯಾಪ್ತಿ’. ವ್ಯಾಖ್ಯೆಯನ್ನೇನೋ ಬಾಯಿಪಾಠ ಮಾಡಿದೆ, ತಲೆಗೆ ಹತ್ತಲಿಲ್ಲ. ಕದಿಯಬಾರದು, ಸುಳ್ಳು ಹೇಳಬಾರದು ಅಂತ ಎಲ್ಲರಿಗೂ ಗೊತ್ತೇ ಇದೆ. ತಪ್ಪು ಮಾಡಿದವರಿಗೆ ಕಾನೂನಿದೆ. ಇದರಲ್ಲಿ ಓದುವುದಕ್ಕೆ ಇನ್ನೇನಿದೆ?

ಉತ್ತರ: ಇಪ್ಪತ್ತೆಂಟು ವರ್ಷ ಇದೇ ಪಾಠ ಮಾಡಿದವಳು ನಾನು. ಈ ಪ್ರಶ್ನೆ ಕೇಳುವ ಹುಡುಗರೆಂದರೆ ನನಗೆ ತುಂಬ ಇಷ್ಟ. ಕೇಳದೆ ಬರೆದುಕೊಂಡು ಹೋಗುವವರ ಬಗ್ಗೆಯೇ ನನಗೆ ಚಿಂತೆ ಜಾಸ್ತಿ ಇತ್ತು.

ವ್ಯಾಖ್ಯೆಯನ್ನು ಸ್ವಲ್ಪ ಹೊತ್ತು ಪಕ್ಕಕ್ಕಿಡಿ. ನಾವು ದಿನಕ್ಕೆ ನೂರು ಸಲ ಆಡುವ ‘ಬೇಕು’ ಅನ್ನುವ ಮಾತನ್ನು ನೋಡಿ. ‘ನನಗೆ ಬೇಕು’ ಅಂದರೆ ಆಸೆ. ‘ನಾನು ಮಾಡಬೇಕು’ ಅಂದರೆ ಕರ್ತವ್ಯ. ಎರಡಕ್ಕೂ ಕನ್ನಡದಲ್ಲಿ ಒಂದೇ ಪದ. ಬೇಕಾದದ್ದು, ಮಾಡಬೇಕಾದದ್ದು ಎರಡೂ ಒಂದೇ ಆಗಿರುವ ದಿನ ನೆಮ್ಮದಿ. ಅವೆರಡು ಜಗಳಕ್ಕೆ ನಿಂತ ದಿನ ನೀತಿಶಾಸ್ತ್ರ ಶುರುವಾಗುತ್ತದೆ.

ನನ್ನದೇ ಒಂದು ದಿನದ ಕಥೆ ಹೇಳುತ್ತೇನೆ. ಆಗ ಕೆಲಸಕ್ಕೆ ಸೇರಿ ಆರು ವರ್ಷ ಆಗಿತ್ತು. ಉತ್ತರಪತ್ರಿಕೆ ತಿದ್ದಿ, ಅಂಕಪಟ್ಟಿ ಕೊಟ್ಟಾಗಿತ್ತು. ಮರುದಿನ ಪತ್ರಿಕೆಗಳನ್ನು ಕಟ್ಟಿಡುವಾಗ ಸುಮ್ನೆ ಒಂದನ್ನು ಬಿಡಿಸಿದೆ. ನಾಲ್ಕನೇ ಪ್ರಶ್ನೆಯ 7 ಅಂಕವನ್ನು ಎರಡು ಸಲ ಕೂಡಿಸಿಬಿಟ್ಟಿದ್ದೆ. ಪಟ್ಟಿಯಲ್ಲಿ 43 ಅಂತ ಇತ್ತು. ನಿಜವಾಗಿ ಬಂದದ್ದು 36. ಪಾಸಾಗಲು 40 ಬೇಕಿತ್ತು.

ಕಡಿಮೆ ಕೂಡಿಸಿದ್ದರೆ ಆಗಲೇ ಓಡಿಹೋಗಿ ತಿದ್ದಿಸುತ್ತಿದ್ದೆ. ಜಾಸ್ತಿ ಕೊಟ್ಟದ್ದಕ್ಕೆ ಕೈ ಮುಂದೆ ಹೋಗಲಿಲ್ಲ. ಯಾರಿಗೂ ಗೊತ್ತಿಲ್ಲ. ಯಾರಿಗೂ ನಷ್ಟವಿಲ್ಲ. ಒಂದು ಮಗು ಪಾಸಾಗಿದೆ, ಆಗಲಿ ಬಿಡು ಅಂತ ಮನಸ್ಸು ಹೇಳಿತು. ಆ ಮಾತು ದಯೆಯ ಹಾಗೆಯೇ ಕೇಳಿಸಿತು. ಕಟ್ಟಿನ ದಾರ ಕೈಯಲ್ಲಿ ಹಿಡಿದುಕೊಂಡೇ ನಿಂತಿದ್ದೆ. ಆಗ ಕೆಳಗಿದ್ದ ಇನ್ನೊಂದು ಪತ್ರಿಕೆ ಕಣ್ಣಿಗೆ ಬಿತ್ತು. ಅದರ ಮೇಲೆ ನಾನೇ ಕೆಂಪು ಶಾಯಿಯಲ್ಲಿ 38 ಎಂದು ಬರೆದಿದ್ದೆ. ಫೇಲು.

38 ಬಂದ ಮಗು ಫೇಲಾಗಿ, 36 ಬಂದ ಮಗು ಪಾಸಾಗಿದ್ದು ಹೇಗೆ ಅಂತ ಆ ಮಗು ಕೇಳಿದರೆ ಏನು ಹೇಳಲಿ? ನನ್ನ ಬಳಿ ಉತ್ತರವಿರಲಿಲ್ಲ.

ನೋಡಿ, ನೀವು ಇಡೀ ವರ್ಷ ಓದಲಿರುವ ಪಾಠದಲ್ಲಿ ಬಹುಪಾಲು ಆ ಮೇಜಿನ ಮೇಲೇ ಇತ್ತು. ಕೆಲಸದಿಂದ ಒಟ್ಟಿನಲ್ಲಿ ಸುಖ ಹೆಚ್ಚಿತೋ ದುಃಖ ಹೆಚ್ಚಿತೋ ಲೆಕ್ಕ ಹಾಕಿ ಅಂದವನು ಇಂಗ್ಲೆಂಡಿನ ತತ್ವಜ್ಞಾನಿ ಬೆಂಥಮ್. ಅವನ ಪುಸ್ತಕ ಹೊರಬಂದದ್ದು 1789ರಲ್ಲಿ. ಅವನ ಮಾತನ್ನು ಆತುರದಲ್ಲಿ ಹಿಡಿದರೆ ಸುಮ್ಮನಿರುವುದೇ ಸರಿ ಅನ್ನಿಸುತ್ತದೆ. ಜರ್ಮನಿಯ ತತ್ವಜ್ಞಾನಿ ಕಾಂಟ್ ಕೇಳುವುದೇ ಬೇರೆ: ನಿನ್ನ ಈ ನಡೆ ಎಲ್ಲರಿಗೂ ನಿಯಮವಾಗಲಿ ಅಂತ ನೀನು ಒಪ್ಪುತ್ತೀಯಾ? ಗೊತ್ತಾಗದ ತಪ್ಪನ್ನು ಎಲ್ಲ ಮೇಷ್ಟರೂ ಮುಚ್ಚಿಡಲಿ ಅಂತ ನಾನು ಹೇಗೆ ಒಪ್ಪಲಿ? ಪ್ರಾಚೀನ ಗ್ರೀಸಿನ ಅರಿಸ್ಟಾಟಲ್ ಇನ್ನೂ ಹತ್ತಿರ ಬಂದು ಕೂರುತ್ತಾನೆ. ಈ ಕೆಲಸ ಮಾಡುತ್ತಾ ಮಾಡುತ್ತಾ ನೀನು ಎಂಥವಳಾಗುತ್ತೀಯ ಅಂತ ಕೇಳುತ್ತಾನೆ.

ಎರಡೂ ಪತ್ರಿಕೆಗಳನ್ನು ಮತ್ತೆ ಮೊದಲಿಂದ ಓದಿದೆ. ಎಲ್ಲಾದರೂ ಒಂದೆರಡು ಅಂಕ ತಪ್ಪಿಹೋಗಿದೆಯಾ ಎಂದು ಸಾಲು ಸಾಲು ಹುಡುಕಿದೆ. ಸಿಗಲಿಲ್ಲ. ಪಟ್ಟಿ ತಿದ್ದಲು ಪತ್ರ ಬರೆದುಕೊಟ್ಟೆ. ಆ ರಾತ್ರಿ ನಿದ್ದೆ ಬರಲಿಲ್ಲ. ಸರಿಯಾದದ್ದು ಮಾಡಿದರೆ ಮನಸ್ಸು ಹಗುರಾಗುತ್ತದೆ ಅನ್ನುತ್ತಾರಲ್ಲ, ನನಗೆ ಹಾಗಾಗಲಿಲ್ಲ.

ಇನ್ನು ಕಾನೂನಿನ ಮಾತು. ಕಾಂಟ್ 1785ರ ತನ್ನ ಪುಸ್ತಕದಲ್ಲಿ ಒಬ್ಬ ಅಂಗಡಿಯವನ ಉದಾಹರಣೆ ಕೊಡುತ್ತಾನೆ. ಏನೂ ತಿಳಿಯದ ಮಗು ಬಂದರೂ ಅವನು ಎಲ್ಲರಿಗೂ ಹೇಳುವ ಬೆಲೆಯನ್ನೇ ಹೇಳುತ್ತಾನೆ. ಆದರೆ ಯಾಕೆ? ವ್ಯಾಪಾರ ಚೆನ್ನಾಗಿ ನಡೆಯಲಿ ಅಂತಲೋ, ಮೋಸ ಮಾಡಬಾರದು ಅಂತಲೋ? ಕಾನೂನಿಗೆ ಬೆಲೆ ಸರಿಯಿದ್ದರೆ ಸಾಕು. ನೀತಿಶಾಸ್ತ್ರ ಅವನ ಎದೆಯೊಳಗೆ ಇಣುಕುತ್ತದೆ. ಇನ್ನೊಂದು ಮಾತು. ಕಾನೂನೇ ತಪ್ಪಾಗಿದ್ದರೆ? ಬ್ರಿಟನ್ನಿನ ಸಾಮ್ರಾಜ್ಯದ ಹೆಚ್ಚಿನ ಭಾಗದಲ್ಲಿ ಗುಲಾಮಗಿರಿಯನ್ನು ನಿಲ್ಲಿಸುವ ಕಾಯ್ದೆ ಬಂದದ್ದು 1833ರಲ್ಲಿ. ಅಲ್ಲಿಯವರೆಗೆ ಆ ವಸಾಹತುಗಳಲ್ಲಿ ಮನುಷ್ಯರನ್ನು ಸೊತ್ತಿನ ಹಾಗೆ ಇಟ್ಟುಕೊಂಡವರು ಯಾವ ಕಾನೂನನ್ನೂ ಮುರಿದಿರಲಿಲ್ಲ. ಆ ಕಾನೂನು ಸರಿಯಿಲ್ಲ ಅಂತ ಹೇಳಿದವರು ಯಾವ ಅಳತೆಗೋಲು ಹಿಡಿದು ಹೇಳಿದರು? ಅದನ್ನು ಹುಡುಕುವುದೇ ನಿಮ್ಮ ಮೊದಲ ಪಾಠ.

ಪದದ ಹುಟ್ಟನ್ನೂ ಪರೀಕ್ಷೆಯಲ್ಲಿ ಕೇಳುತ್ತಾರೆ, ಅಲ್ವಾ? ಗ್ರೀಕಿನ ‘ಈಥೋಸ್’ ಅಂದರೆ ಸ್ವಭಾವ, ನಡತೆ. ಅದರಿಂದ ‘ಎಥಿಕ್ಸ್’ ಬಂತು. ಅದಕ್ಕೆ ಲ್ಯಾಟಿನ್ನಿನಲ್ಲಿ ಸಾಟಿಯಾಗಿ ರೋಮಿನ ಚಿಂತಕ ಸಿಸೆರೊ ‘ಮೋರೆಸ್’, ಅಂದರೆ ರೂಢಿ, ಎಂಬುದರಿಂದ ‘ಮೊರಾಲಿಸ್’ ಅಂತ ಕಟ್ಟಿದ. ನಮ್ಮ ‘ನೀತಿ’ಯ ಮೂಲ ಸಂಸ್ಕೃತದ ‘ನೀ’. ಕರೆದುಕೊಂಡು ಹೋಗು ಅಂತ ಅದರ ಅರ್ಥ. ನಾಯಕ, ನೇತಾರ ಎಲ್ಲ ಅದೇ ಮನೆಯ ಪದಗಳು. ನನಗೆ ನಮ್ಮ ಪದವೇ ಹೆಚ್ಚು ಇಷ್ಟ. ರೂಢಿ ಇದ್ದಲ್ಲೇ ಇರಬಹುದು, ನೀತಿ ಎಲ್ಲಿಗೋ ಕರೆದುಕೊಂಡು ಹೋಗಬೇಕು.

ಪ್ರಶ್ನೆ: ಮನಃಶಾಸ್ತ್ರವೂ ಮನುಷ್ಯರ ನಡತೆಯನ್ನೇ ಓದುತ್ತದೆ, ಸಮಾಜಶಾಸ್ತ್ರವೂ ಅಷ್ಟೇ. ನೀತಿಶಾಸ್ತ್ರ ಹೇಗೆ ಬೇರೆ? ಯಾವ ಕೆಲಸವೆಲ್ಲ ಅದರ ವ್ಯಾಪ್ತಿಗೆ ಬರುತ್ತದೆ?

ಉತ್ತರ: ಅವು ‘ಜನ ಹೀಗೆ ಮಾಡುತ್ತಾರೆ’ ಅನ್ನುತ್ತವೆ. ನೀತಿಶಾಸ್ತ್ರ ‘ಹೀಗೆ ಮಾಡಬೇಕಾ?’ ಅಂತ ಕೇಳುತ್ತದೆ. ಬರೆಯುವವರು ಇದ್ದದ್ದನ್ನು ಹೇಳುತ್ತಾ ಹೇಳುತ್ತಾ ಯಾವಾಗಲೋ ‘ಬೇಕು’ಗೆ ಜಾರಿಬಿಡುತ್ತಾರೆ, ಆ ಜಾರಿಕೆಗೆ ಕಾರಣ ಕೊಡುವುದಿಲ್ಲ ಅಂತ ಸ್ಕಾಟ್ಲೆಂಡಿನ ತತ್ವಜ್ಞಾನಿ ಡೇವಿಡ್ ಹ್ಯೂಮ್ 1740ರ ಹೊತ್ತಿಗೇ ಬರೆದಿದ್ದಾನೆ. ಎಲ್ಲರೂ ಮಾಡುತ್ತಾರೆ ಅನ್ನುವುದು ಸುದ್ದಿ ಮಾತ್ರ. ಅದರಿಂದಲೇ ಅದು ಸರಿ ಅಂತ ಆಗುವುದಿಲ್ಲ.

ವ್ಯಾಪ್ತಿಗೆ ಬರುವುದು ಮನಸ್ಸಿಟ್ಟು ಮಾಡಿದ ಕೆಲಸ. ಸೀನುವುದು, ಎಡವುವುದು ಇದಕ್ಕೆ ಸೇರುವುದಿಲ್ಲ. ನಡುವೆ ಬರುವ ಕೆಲಸಗಳೇ ಕಷ್ಟ. ಬಿರುಗಾಳಿಗೆ ಸಿಕ್ಕ ಹಡಗಿನವರು ಸರಕನ್ನೆಲ್ಲ ಸಮುದ್ರಕ್ಕೆ ಎಸೆಯುತ್ತಾರೆ. ಅದು ಇಷ್ಟಪಟ್ಟು ಮಾಡಿದ್ದೋ, ಗತಿಯಿಲ್ಲದೆ ಮಾಡಿದ್ದೋ? ಅರಿಸ್ಟಾಟಲ್ ಎರಡೂ ಬೆರೆತಿದೆ ಅನ್ನುತ್ತಾನೆ, ಆದರೂ ಆ ಕ್ಷಣ ಆರಿಸಿಕೊಂಡವರು ಹಡಗಿನವರೇ ಅಂತ ಸೇರಿಸುತ್ತಾನೆ. ‘ಬೇರೆ ದಾರಿಯೇ ಇರಲಿಲ್ಲ’ ಅಂತ ನಾವು ಹೇಳುವಾಗಲೆಲ್ಲ ನನಗೆ ಈ ಹಡಗು ನೆನಪಾಗುತ್ತದೆ.

ಪ್ರಶ್ನೆ: ಪ್ರಾಣಿಗಳೂ ನೀತಿಯ ವ್ಯಾಪ್ತಿಗೆ ಬರುತ್ತವೆಯೇ?

ಉತ್ತರ: ಬರುತ್ತವೆ. ಅವು ಯೋಚಿಸಬಲ್ಲವೇ, ಮಾತಾಡಬಲ್ಲವೇ ಅಂತ ಕೇಳಬೇಡಿ, ಅವಕ್ಕೆ ನೋವಾಗುತ್ತದೆಯೇ ಅಂತ ಕೇಳಿ ಎಂದು ಬೆಂಥಮ್ ಆಗಲೇ ಹೇಳಿದ್ದ. ಈ ವ್ಯಾಪ್ತಿ ಬೆಳೆಯುತ್ತಲೇ ಬಂದಿದೆ. ನಾಜಿ ವೈದ್ಯರ ವಿಚಾರಣೆ ಮುಗಿದ 1947ರಲ್ಲಿ ಬಂದ ನ್ಯೂರೆಂಬರ್ಗ್ ಸಂಹಿತೆ, ಮನುಷ್ಯರ ಮೇಲೆ ಪ್ರಯೋಗ ಮಾಡುವ ಮುನ್ನ ಅವರ ಒಪ್ಪಿಗೆ ಬೇಕೇ ಬೇಕು ಅಂತ ಮೊದಲ ಸಾಲಿನಲ್ಲೇ ಹೇಳಿತು. ಅಮೆರಿಕದ ಪರಿಸರ ಚಿಂತಕ ಆಲ್ಡೊ ಲಿಯೊಪೋಲ್ಡ್ 1949ರಲ್ಲಿ ಹೊರಬಂದ ತನ್ನ ಪುಸ್ತಕದಲ್ಲಿ ಮಣ್ಣು, ನೀರು, ಗಿಡಗಳನ್ನೂ ಒಳಗೆ ಕರೆದುಕೊಂಡ.

ಪ್ರಶ್ನೆ: ನೀತಿಶಾಸ್ತ್ರ ಓದಿದವರು ಒಳ್ಳೆಯವರಾಗುತ್ತಾರಾ, ಮೇಡಂ?

ಉತ್ತರ: ಓದಿದ ಮಾತ್ರಕ್ಕೆ ಆಗುವುದಿಲ್ಲ. ವೈದ್ಯರ ಮಾತನ್ನು ಗಮನವಿಟ್ಟು ಕೇಳಿ, ಹೇಳಿದ್ದನ್ನು ಮಾಡದೇ ಬಿಡುವ ರೋಗಿಗಳಿಗೆ ಅರಿಸ್ಟಾಟಲ್ ಇಂಥವರನ್ನು ಹೋಲಿಸಿದ್ದಾನೆ. ನಾನು ಅಂದು ಆ ಪತ್ರಿಕೆ ಬಿಡಿಸುವ ಹೊತ್ತಿಗೆ ಈ ಸಾಲನ್ನು ಆರು ವರ್ಷ ಪಾಠ ಮಾಡಿದ್ದೆ. ಆದರೂ ದಾರ ಹಿಡಿದುಕೊಂಡು ಅಷ್ಟು ಹೊತ್ತು ನಿಂತೆ. ಓದದೇ ಇದ್ದಿದ್ದರೆ ಕಟ್ಟಿ ಮುಗಿಸಿ ಮನೆಗೆ ಹೋಗುತ್ತಿದ್ದೆನೋ ಏನೋ.