ಸಾಫ್ಟ್‌ವೇರ್ ಅಂದಾಜಿಗೆ ಶೇಕಡ 30ರಷ್ಟು ಬಫರ್ ಸೇರಿಸಿದರೆ ಸಾಕೆ?

ಆರು ತಿಂಗಳ ಕೆಲಸಕ್ಕೆ ಶೇಕಡ 30ರಷ್ಟು ಬಫರ್, ಅಂದರೆ ಹೆಚ್ಚುವರಿ ಸಮಯ, ಸೇರಿಸಿ, ತಂತ್ರಾಂಶವನ್ನು ಬ್ಯಾಂಕಿನ ಪಾವತಿ ವ್ಯವಸ್ಥೆಗೆ ಜೋಡಿಸುವ ಕೆಲಸವನ್ನು ಕೊನೆಯ ತಿಂಗಳಿಗೆ ಇಟ್ಟುಕೊಂಡಿದ್ದೇನೆ, ಇಷ್ಟು ಸಾಕೆ ಎಂದು ನೀವು ಬರೆದು ಕೇಳಿದ್ದೀರಿ. ಮೈಸೂರಿನ ಹೆಬ್ಬಾಳದ ಕಚೇರಿಯೊಂದರಲ್ಲಿ ಕುಳಿತು ನಾನು ಮಾಡಿದ್ದೂ ಇದನ್ನೇ.

ಮಂಡ್ಯ ಜಿಲ್ಲೆಯಲ್ಲಿ ಕಬ್ಬು ಕೊಳ್ಳುವವರೊಬ್ಬರಿಗೆ ತಂತ್ರಾಂಶ ಬರೆಯಬೇಕಿತ್ತು. ರೈತರ ಪಟ್ಟಿ, ಬಿಲ್ಲು, ಬಟವಾಡೆಯ ಲೆಕ್ಕ ಎಲ್ಲವೂ ನಾವು ಹಿಂದೆ ಮಾಡಿದ್ದ ಕೆಲಸಗಳೇ. ನಾವು ಎಂದೂ ಮಾಡಿರದ ಕೆಲಸವೆಂದರೆ ಗಾಡಿಯನ್ನು ಸರಕಿನ ಸಮೇತ ತೂಗುವ ವೇ ಬ್ರಿಡ್ಜ್‌ನ ತೂಕವನ್ನು ನೇರವಾಗಿ ಕಂಪ್ಯೂಟರಿಗೆ ತರುವುದೊಂದೇ. ಅದಕ್ಕೆ ಎರಡು ದಿನ ಬರೆದು ಕೊನೆಯ ವಾರಕ್ಕೆ ತಳ್ಳಿದೆ. ಒಟ್ಟು 45 ದಿನ, ಮೇಲೆ 15 ದಿನ ಬಫರ್.

ನನ್ನ ದೊಡ್ಡ ತಪ್ಪು ಅಂದಾಜಿನಲ್ಲಿರಲಿಲ್ಲ, ಕೆಲಸಗಳ ಕ್ರಮದಲ್ಲಿತ್ತು. ತೂಕ ತೋರಿಸುವ ಯಂತ್ರ ಆರ್‌ಎಸ್-232 ಎಂಬ ಹಳೆಯ ಬಗೆಯ ದತ್ತಾಂಶ ಕೇಬಲ್ ಮೂಲಕ ಒಂದೇ ಸಮನೆ ಅಂಕಿಗಳನ್ನು ಕಳುಹಿಸುತ್ತಲೇ ಇರುತ್ತದೆ ಎಂಬುದು ಅಲ್ಲಿಗೆ ಹೋಗುವವರೆಗೆ ನನಗೆ ಗೊತ್ತಿರಲಿಲ್ಲ. ಕಚೇರಿಯಲ್ಲಿ ನಾವೇ ಟೈಪ್ ಮಾಡಿದ ಅಂಕಿಗಳಿಂದ ಪರೀಕ್ಷಿಸಿದ್ದೆವು. ಅಲ್ಲಿ ಎತ್ತಿನ ಗಾಡಿ ತಟ್ಟೆಯ ಮೇಲೆ ಬಂದು ನಿಂತಿತು. ಎತ್ತು ಕಾಲು ಬದಲಿಸಿದಂತೆಲ್ಲ ಪರದೆಯಲ್ಲಿ 2,340, 2,410, 2,280 ಎಂದು ತೂಕ ಕುಣಿಯಿತು, ನಮ್ಮ ಪ್ರೋಗ್ರಾಂ ಮೊದಲು ಕಂಡ ಅಂಕಿಯನ್ನೇ ಹಿಡಿದು ಚೀಟಿ ಮುದ್ರಿಸಿತು. ಚೀಟಿ ಹಿಡಿದ ರೈತ ಸುಮ್ಮನೆ ನನ್ನ ಮುಖ ನೋಡಿದರು. ಅದು ಅವರ ವರ್ಷದ ದುಡಿಮೆಯ ತೂಕ. ಅಂಕಿ ಸ್ಥಿರವಾಗಿದೆಯೆಂದು ಯಂತ್ರ ಹೇಗೆ ಸೂಚಿಸುತ್ತದೆ ಎಂಬುದನ್ನು ತಿಳಿಯಲು ಕೈಪಿಡಿಯೂ ಇರಲಿಲ್ಲ. ಎರಡು ದಿನದ ಆ ಕೆಲಸ 26 ದಿನ ಹಿಡಿಯಿತು, ಅಷ್ಟು ದಿನವೂ ಕೈಬರಹದ ಚೀಟಿಯೇ ನಡೆಯಿತು. ಮೊದಲ ವಾರವೇ ಲ್ಯಾಪ್‌ಟಾಪ್ ಹಿಡಿದು ಮಂಡ್ಯದ ಬಸ್ಸು ಹತ್ತಿದ್ದರೆ ಇದೆಲ್ಲ ಅರ್ಧ ದಿನದಲ್ಲಿ ಕಾಣುತ್ತಿತ್ತು, ದಿನಾಂಕವನ್ನು ಒಪ್ಪಿಕೊಳ್ಳುವ ಮೊದಲೇ ನಿಜ ಹೇಳಬಹುದಿತ್ತು.

ಆದ್ದರಿಂದ ಬಫರ್ ಶೇಕಡ 30 ಇರಬೇಕೆ, 50 ಇರಬೇಕೆ ಎಂಬ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಆರಂಭದ ಅಂದಾಜು ನಿಜವಾದ ಶ್ರಮದ ನಾಲ್ಕು ಪಟ್ಟೂ ಆಗಬಹುದು, ಕಾಲು ಭಾಗವೂ ಆಗಬಹುದು ಎಂದು ತಂತ್ರಾಂಶ ಅಂದಾಜಿನ ತಜ್ಞ ಬ್ಯಾರಿ ಬೋಹ್ಮ್ 1981ರಲ್ಲೇ ಬರೆದಿದ್ದರು. ಈ ಅಂತರ ದಿನ ಕಳೆದ ಮಾತ್ರಕ್ಕೆ ಕಿರಿದಾಗುವುದಿಲ್ಲ, ಗೊತ್ತಿಲ್ಲದ್ದನ್ನು ಗೊತ್ತುಮಾಡಿಕೊಂಡಾಗ ಮಾತ್ರ ಕಿರಿದಾಗುತ್ತದೆ. ಎಕ್ಸ್‌ಟ್ರೀಮ್ ಪ್ರೋಗ್ರಾಮಿಂಗ್ ಎಂಬ ತಂತ್ರಾಂಶ ಬರೆಯುವ ಪದ್ಧತಿಯಲ್ಲಿ, ಹಾಗೆ ಗೊತ್ತುಮಾಡಿಕೊಳ್ಳುವ ಚಿಕ್ಕ ಪ್ರಯೋಗವನ್ನು ಸ್ಪೈಕ್ ಎನ್ನುತ್ತಾರೆ: ಎರಡು ಮೂರು ದಿನದ ಗಡುವು ಹಾಕಿಕೊಂಡು, ಎಸೆಯಲೆಂದೇ ಕೋಡ್ ಬರೆದು, ಒಂದೇ ಒಂದು ಸಂಶಯವನ್ನು ಬಗೆಹರಿಸಿಕೊಳ್ಳುವುದು.

ನಿಮ್ಮ ಕೆಲಸದಲ್ಲಿ ಆ ಸಂಶಯ ಇರುವುದು ಬ್ಯಾಂಕಿನ ಜೋಡಣೆಯಲ್ಲಿ. ಲಾಗಿನ್ ಪುಟ, ವರದಿಗಳು ಕಾಯಲಿ. ಬ್ಯಾಂಕಿನ ಪರೀಕ್ಷಾ ಖಾತೆಗೆ ಈ ವಾರವೇ ಅರ್ಜಿ ಹಾಕಿ, ಒಂದು ರೂಪಾಯಿ ಕಳುಹಿಸಿ ನೋಡಿ, ನಡುವೆ ಸಂಪರ್ಕ ಕಡಿದರೆ ಬ್ಯಾಂಕು ಏನು ಉತ್ತರಿಸುತ್ತದೆ ಎಂಬುದನ್ನೂ ನೋಡಿ. ಗ್ರಾಹಕರಿಗೆ ದಿನಾಂಕ ಕೊಡುವುದು ಅದಾದ ಮೇಲೆ.