ಬೇಸರ ದೋಸೆ ಹೆಂಚಿನದೋ, ಆ ಹೋಟೆಲಿನದೋ?

ಪ್ರಶ್ನೆ: ನಾನು ಮಂಡ್ಯ ಕಡೆಯವನು, ವಯಸ್ಸು 31. ಮೈಸೂರಿನ ಒಂದು ಹೋಟೆಲಿನಲ್ಲಿ ನಾಲ್ಕು ವರ್ಷ ನಾಲ್ಕು ತಿಂಗಳಿಂದ ದೋಸೆ ಹಾಕುತ್ತಿದ್ದೇನೆ. ಸಂಬಳ 18,000 ರೂಪಾಯಿ. ಊಟ, ತಿಂಡಿ, ಮಲಗಲು ಕೋಣೆ ಅವರದೇ. ನೀರು ಚಿಮುಕಿಸಿದ ಸದ್ದಿನಲ್ಲೇ ಹೆಂಚು ಎಷ್ಟು ಕಾದಿದೆ ಎಂದು ಹೇಳಬಲ್ಲೆ. ಆದರೆ ಮ್ಯಾನೇಜರು ಗಿರಾಕಿಗಳ ಎದುರಿಗೇ ಗದರುತ್ತಾರೆ, ತಿಂಗಳಿಗೆ ಎರಡು ರಜೆ ಸಿಕ್ಕರೆ ಹೆಚ್ಚು, ಎರಡು ವರ್ಷದಿಂದ ಸಂಬಳ ಏರಿಲ್ಲ. ಮಾಲೀಕರಿಂದ 20,000 ರೂಪಾಯಿ ಅಡ್ವಾನ್ಸ್ ಪಡೆದಿದ್ದೇನೆ. ಇನ್ನೊಂದು ಹೋಟೆಲಿನವರು 22,000 ಕೊಡುತ್ತೇವೆ, ದಸರಾಕ್ಕೆ ಮುಂಚೆ ಬಾ ಎನ್ನುತ್ತಾರೆ. ಅಲ್ಲಿ ಕೋಣೆ ಇಲ್ಲ. ಒಮ್ಮೊಮ್ಮೆ ಹೋಟೆಲ್ ಸಹವಾಸವೇ ಬೇಡ, ಊರಿಗೆ ಹೋಗಿಬಿಡೋಣ ಎನಿಸುತ್ತದೆ. ಏನು ಮಾಡಲಿ?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಹೆಂಚಿನ ಸದ್ದಿನ ಬಗ್ಗೆ ಬರೆದ ಸಾಲಿನಲ್ಲಿ ಬೇಸರದ ಸುಳಿವೇ ಇಲ್ಲ. ನೋವೆಲ್ಲ ಇರುವುದು ಮ್ಯಾನೇಜರು, ರಜೆ, ಸಂಬಳದ ಮಾತಿನಲ್ಲಿ. ಆದ್ದರಿಂದ ನಿಮಗೆ ಸಾಕಾಗಿರುವುದು ಆ ಹೋಟೆಲೇ ಹೊರತು ಈ ಕಸುಬಲ್ಲ ಎಂದು ನನಗೆ ತೋರುತ್ತದೆ. ಊರಿಗೆ ಮರಳುವ ಯೋಚನೆಯನ್ನು ಸದ್ಯಕ್ಕೆ ಬದಿಗಿಡಿ. ದಣಿದಾಗ ಹುಟ್ಟುವ ಆಸೆಯನ್ನು ತೀರ್ಮಾನವೆಂದು ತಿಳಿಯಬಾರದು.

ಆ ಹೋಟೆಲನ್ನು ನೀವು ಬಿಡಬೇಕು ಎಂಬುದೇ ನನ್ನ ಅಭಿಪ್ರಾಯ, ಆದರೆ ಈ ತಿಂಗಳಲ್ಲ. ಹತ್ತು ಅಥವಾ ಹೆಚ್ಚು ಜನ ದುಡಿಯುವ ಹೋಟೆಲಿನಲ್ಲಿ ಸತತ ಐದು ವರ್ಷ ಪೂರೈಸಿದ ಕೆಲಸಗಾರನಿಗೆ, ತಾನೇ ರಾಜೀನಾಮೆ ಕೊಟ್ಟು ಹೊರಟರೂ, ಗ್ರಾಚ್ಯುಟಿ, ಅಂದರೆ ಇಷ್ಟು ವರ್ಷ ದುಡಿದದ್ದಕ್ಕೆ ಮಾಲೀಕರು ಹೊರಡುವಾಗ ಒಟ್ಟಿಗೆ ಕೊಡಬೇಕಾದ ಹಣ, ಸಲ್ಲುತ್ತದೆ. ಪ್ರತಿ ವರ್ಷದ ಸೇವೆಗೆ 15 ದಿನದ ವೇತನ, ತಿಂಗಳಿಗೆ 26 ದಿನವೆಂದು ಲೆಕ್ಕ. ನಿಮ್ಮ 18,000 ಪೂರ್ತಿ ವೇತನವೆಂದೇ ಪರಿಗಣನೆಯಾದರೆ ಐದು ವರ್ಷಕ್ಕೆ ಸುಮಾರು 52 ಸಾವಿರ ರೂಪಾಯಿ ಬರುತ್ತದೆ. ಇನ್ನು ಎಂಟು ತಿಂಗಳಷ್ಟೇ ಉಳಿದಿರುವಾಗ ಅದನ್ನು ಕೈಬಿಡುವುದು ನನಗೆ ಸರಿಕಾಣುವುದಿಲ್ಲ. ಆದರೆ ಮೊದಲು ಹಾಜರಿ ಪುಸ್ತಕದಲ್ಲಿ ನಿಮ್ಮ ಹೆಸರು ಸೇರಿದ ದಿನದಿಂದಲೂ ಇದೆಯೇ, ಸಂಬಳ ಬ್ಯಾಂಕಿಗೆ ಬರುತ್ತಿದೆಯೇ, ಪಿಎಫ್ (ಭವಿಷ್ಯ ನಿಧಿ) ಕಟ್ಟುತ್ತಿದ್ದಾರೆಯೇ ಎಂದು ನೋಡಿಕೊಳ್ಳಿ. ದಾಖಲೆಯೇ ಇಲ್ಲದಿದ್ದರೆ ಕಾದೂ ಫಲ ಸಿಗುವುದು ಕಷ್ಟ. ಪಿಎಫ್ ಇದ್ದರೆ ಕೆಲಸ ಬದಲಿಸುವಾಗ ಹಣ ತೆಗೆಯದೆ ಹೊಸ ಕಡೆಗೆ ವರ್ಗಾಯಿಸಿಕೊಳ್ಳಿ, ಪಿಂಚಣಿಗೆ ಬೇಕಾದ ಹತ್ತು ವರ್ಷದ ಸೇವೆಗೆ ಈ ವರ್ಷಗಳೂ ಸೇರುತ್ತವೆ.

ಇನ್ನು ಆ 22,000ದ ಮಾತು. ಹೆಚ್ಚಾಗುವುದು ನಾಲ್ಕು ಸಾವಿರ. ಅದರಲ್ಲೇ ಕೋಣೆಯ ಬಾಡಿಗೆ ಕಳೆಯಬೇಕು, ಆ ಕೋಣೆಗೆ ಮುಂಗಡ ಕೊಡಬೇಕು, ರಜೆಯ ದಿನ ಊಟ ನೋಡಿಕೊಳ್ಳಬೇಕು, ನಸುಕಿನಲ್ಲಿ ಹೆಂಚು ಹಚ್ಚಲು ಬಸ್ಸಿಲ್ಲದ ಹೊತ್ತಿನಲ್ಲಿ ಹೊರಡಬೇಕು. ಕಾಗದದ ಮೇಲೆ ಬರೆದು ಕೂಡಿಸಿ ನೋಡಿ. ದಸರಾ ಹೊತ್ತಿಗೆ ಮೈಸೂರಿನ ಹೋಟೆಲುಗಳಿಗೆ ಕೈಗಳು ಬೇಕೇ ಬೇಕು, ವಿಜಯದಶಮಿ ಕಳೆದು ಪ್ರವಾಸಿಗರು ಇಳಿಮುಖವಾದ ಮೇಲೂ ಅದೇ ಸಂಬಳ ಮುಂದುವರಿಯುತ್ತದೆಯೇ ಎಂದು ಅವರನ್ನು ನೇರವಾಗಿ ಕೇಳಿ. ಉತ್ತರ ತಡವರಿಸಿದರೆ ಆ ಬಾಗಿಲನ್ನು ಮರೆತುಬಿಡಿ.

ಅದೇ ದಸರಾ ನಿಮಗೂ ಅನುಕೂಲ. ಈಗಲೇ ಮಾಲೀಕರನ್ನು, ಮ್ಯಾನೇಜರನ್ನಲ್ಲ, ಮಧ್ಯಾಹ್ನದ ಬಿಡುವಿನಲ್ಲಿ ಕಂಡು ಮೂರು ಮಾತು ಹೇಳಿ: ವಾರಕ್ಕೊಂದು ರಜೆ ಕೊಡಿ, ಸಂಬಳ ಇಷ್ಟು ಏರಿಸಿ, ಗಿರಾಕಿಗಳ ಮುಂದೆ ಗದರುವುದು ನಿಲ್ಲಲಿ. ವಾರದ ರಜೆ ಅವರು ಮಾಡುವ ಉಪಕಾರವಲ್ಲ, ಕಾನೂನು ಕೊಟ್ಟ ಹಕ್ಕು. ಒಳ್ಳೆಯ ದೋಸೆ ಭಟ್ಟರು ಸುಲಭಕ್ಕೆ ಸಿಗುವುದಿಲ್ಲವೆಂದು ಅವರಿಗೂ ಗೊತ್ತಿದೆ. ಅಡ್ವಾನ್ಸನ್ನು ತಿಂಗಳಿಗೆ 2,500ರಂತೆ ಮುರಿದುಕೊಳ್ಳಲು ಹೇಳಿದರೆ ಸರಿಯಾಗಿ ಎಂಟು ತಿಂಗಳಲ್ಲಿ ತೀರುತ್ತದೆ. ಪ್ರತಿ ಕಡಿತವನ್ನೂ ಬರೆದಿಟ್ಟು ಸಹಿ ಹಾಕಿಸಿಕೊಳ್ಳಿ. ಸಾಲ ಬಾಕಿಯಿದ್ದರೆ ಹೊರಡುವ ದಿನ ಮಾತು ನಿಮ್ಮ ಕಡೆ ನಿಲ್ಲುವುದಿಲ್ಲ.

ಒಂದು ವಿಷಯದಲ್ಲಿ ಮಾತ್ರ ಈ ಲೆಕ್ಕವೆಲ್ಲ ಬೇಡ. ನಿದ್ದೆ ಬಾರದಂತಾಗಿದ್ದರೆ, ಎದೆ ಬಡಿತ ಏರುತ್ತಿದ್ದರೆ, ಆ ಮ್ಯಾನೇಜರು ಕೈಯೆತ್ತುವಷ್ಟು ಮುಂದುವರಿದರೆ, 52 ಸಾವಿರಕ್ಕಾಗಿ ಎಂಟು ತಿಂಗಳು ಸಹಿಸಬೇಡಿ, ಕೂಡಲೇ ಹೊರಬನ್ನಿ. ಹಾಗಿಲ್ಲದಿದ್ದರೆ ಐದು ವರ್ಷ ತುಂಬಿದ ಮೇಲೆ ದಿನಾಂಕ ಹಾಕಿ ರಾಜೀನಾಮೆ ಬರೆದುಕೊಟ್ಟು, ಅದರ ಪ್ರತಿಗೆ ಸಹಿ ಪಡೆದುಕೊಳ್ಳಿ. ಗ್ರಾಚ್ಯುಟಿಯನ್ನು 30 ದಿನದೊಳಗೆ ಕೊಡಬೇಕು, ಕೊಡದಿದ್ದರೆ ಆ ಪ್ರತಿಯೊಂದಿಗೆ ಕಾರ್ಮಿಕ ಇಲಾಖೆಯ ಕಚೇರಿಗೆ ಹೋಗಿ.